ಕಿಂದರಿಯ ನಾದವೂ ಪಾಠದ ಪ್ರಶ್ನೆಯೂ

ಅಕ್ಷರ ಬಲ್ಲ ಮಕ್ಕಳೆಲ್ಲರೂ ಓದುಗರಲ್ಲ. ಅಕ್ಷರ ಕೂಡಿಸಿ ಪದವನ್ನೂ, ಪದ ಕೂಡಿಸಿ ವಾಕ್ಯವನ್ನೂ ಉಚ್ಚರಿಸಬಲ್ಲ ಬಾಲಕನು ಯಾರ ಅಪ್ಪಣೆಯೂ ಇಲ್ಲದೆ ಪುಸ್ತಕವೊಂದನ್ನು ಎತ್ತಿಕೊಂಡು ಮೂಲೆ ಸೇರಿದನೆಂದರೆ ಆಗ ಅವನನ್ನು ಓದುಗನೆನ್ನಬಹುದು. ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಂದು ಮಗುವೂ ಅರ್ಥವರಿತು ಓದುವಂತಾಗಬೇಕೆಂದು ಕೇಂದ್ರ ಸರ್ಕಾರವು 2021ರಲ್ಲಿ ‘ನಿಪುಣ್ ಭಾರತ್’ ಯೋಜನೆಯನ್ನು ಆರಂಭಿಸಿ, 2026–27ನೆಯ ವರ್ಷವನ್ನು ಅದಕ್ಕೆ ಗಡುವಾಗಿ ಇಟ್ಟುಕೊಂಡಿತು. ಸ್ತುತ್ಯವಾದ ಸಂಕಲ್ಪವೇ ಸರಿ. ಆದರೆ ಓದಬಲ್ಲ ಮಗುವು ಓದಲು ಬಯಸುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಯೋಜನೆಗಳಲ್ಲಿ ಅರಸುವುದಕ್ಕಿಂತ ನಮ್ಮ ಭಾಷೆಯದೇ ಒಂದು ಕೃತಿಯಲ್ಲಿ ಅರಸುವುದು ಲೇಸೆಂದು ನನಗೆ ತೋರುತ್ತದೆ. ಆ ಕೃತಿ ಕುವೆಂಪು ಅವರು ತಮ್ಮ ತಾರುಣ್ಯದಲ್ಲಿ ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’.

ಈ ಕಥನಕವನಕ್ಕೆ ಪ್ರೇರಣೆ ಆಂಗ್ಲಕವಿ ರಾಬರ್ಟ್ ಬ್ರೌನಿಂಗನು 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ನಗರದ ಕೊಳಲುಗಾರನ ಕವನ. ಬ್ರೌನಿಂಗನು ಅದನ್ನು ಬರೆದುದು ಯಾವ ಪಠ್ಯಪುಸ್ತಕಕ್ಕೂ ಅಲ್ಲ. ಮ್ಯಾಕ್ರೆಡಿ ಎಂಬ ಹೆಸರಾಂತ ನಟನ ಮಗನು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ, ಆ ಬಾಲಕನ ಬೇಸರ ಕಳೆಯಲೆಂದು ಅದು ರಚಿತವಾಯಿತು. ಅಂದರೆ ಕೃತಿಯ ಹುಟ್ಟಿನಲ್ಲೇ ಮಗುವಿನ ಸಂತೋಷವಿದೆ. ಕುವೆಂಪು ಅದನ್ನು ಭಾಷಾಂತರಿಸಿ ಕೈತೊಳೆದುಕೊಳ್ಳಲಿಲ್ಲ. ಜರ್ಮನಿಯ ವೇಸರ್ ನದಿಯ ಸ್ಥಾನದಲ್ಲಿ ತುಂಗೆ ಹರಿಯಿತು; ನಗರಾಧ್ಯಕ್ಷನು ಊರಗೌಡನಾದನು; ಕೊಳಲುಗಾರನು ಕಿಂದರಿ ಹಿಡಿದ ಜೋಗಿಯಾದನು. ಹೀಗೆ ದೂರದ ದೇಶದ ಕಥೆಯೊಂದು ನಮ್ಮ ಮಕ್ಕಳ ಮನೆಯಂಗಳಕ್ಕೆ ಬಂದಿತು.

ಕಥೆಯನ್ನು ಬಲ್ಲವರೇ ಹೆಚ್ಚು. ಇಲಿಗಳ ಕಾಟದಿಂದ ಊರು ಕಂಗೆಡುತ್ತದೆ. ಜೋಗಿಯು ಕಿಂದರಿ ನುಡಿಸಿ ಇಲಿಗಳನ್ನೆಲ್ಲ ಹೊಳೆಯ ಪಾಲು ಮಾಡುತ್ತಾನೆ. ಕೆಲಸವಾದ ಮೇಲೆ ಗೌಡನು ಕೊಟ್ಟ ಮಾತಿಗೆ ತಪ್ಪುತ್ತಾನೆ. ಜೋಗಿ ಮತ್ತೆ ಕಿಂದರಿ ನುಡಿಸಿದಾಗ ಊರಿನ ಮಕ್ಕಳೆಲ್ಲ ಅವನ ಹಿಂದೆ ಹೊರಟು ಬೆಟ್ಟದೊಳಗೆ ಮರೆಯಾಗುತ್ತಾರೆ. ಓಡಲಾರದ ಕುಂಟ ಬಾಲಕನೊಬ್ಬ ಮಾತ್ರ ಹಿಂದುಳಿಯುತ್ತಾನೆ.

ಈ ಕವನದ ಶಕ್ತಿ ಎಲ್ಲಿದೆ? ಮೊದಲನೆಯದಾಗಿ, ಇಲಿಗಳ ವರ್ಣನೆಯಲ್ಲಿ. ಗಾತ್ರಕ್ಕೊಂದು, ಬಣ್ಣಕ್ಕೊಂದು, ಬಂಧುತ್ವಕ್ಕೊಂದು ಎಂಬಂತೆ ಇಲಿಗಳ ಹೆಸರುಗಳು ಒಂದರ ಬೆನ್ನಿಗೊಂದು ಬರುವಾಗ ಅರ್ಥಕ್ಕಿಂತ ಮೊದಲು ನಾದವೇ ಮಗುವನ್ನು ಹಿಡಿಯುತ್ತದೆ. ಕೇಳಿದ ಮಗು ಅದನ್ನು ತಾನೂ ಹೇಳಬಯಸುತ್ತದೆ. ಹೇಳಿದ ಮಗು ಅದನ್ನು ಪುಟದಲ್ಲಿ ಕಾಣಬಯಸುತ್ತದೆ. ಕಿವಿಯಿಂದ ನಾಲಗೆಗೆ, ನಾಲಗೆಯಿಂದ ಕಣ್ಣಿಗೆ, ಇದೇ ಓದಿನ ಸಹಜ ಕ್ರಮ. ಎರಡನೆಯದಾಗಿ, ಕವಿಯು ಮಗುವಿನ ಮನಸ್ಸನ್ನು ದುರ್ಬಲವೆಂದು ಭಾವಿಸುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ಊರಿನ ದುಃಖವನ್ನೂ, ಒಂಟಿಯಾಗಿ ಉಳಿದ ಬಾಲಕನ ಸಂಕಟವನ್ನೂ ಆತ ಮರೆಮಾಚುವುದಿಲ್ಲ. ನಗೆಯಿಂದ ಆರಂಭವಾದ ಕಥೆ ಕಣ್ಣೀರಿನ ಅಂಚಿಗೆ ಬಂದು ನಿಲ್ಲುತ್ತದೆ. ಮಕ್ಕಳ ಸಾಹಿತ್ಯವೆಂದರೆ ಸಿಹಿತಿಂಡಿ ಮಾತ್ರವೆಂದು ಬಗೆದವರು ಇದನ್ನು ಗಮನಿಸಬೇಕು.

ಇಂಥ ಕೃತಿಯನ್ನು ನಾನು ಬಾಲ್ಯದಲ್ಲಿ ಎರಡು ಬಾರಿ ಎದುರುಗೊಂಡೆ. ಮೊದಲ ಬಾರಿ ನಮ್ಮ ಗುರುಗಳೊಬ್ಬರು, ಮಳೆ ಸುರಿದು ಆಟವಿಲ್ಲದ ಒಂದು ಸಂಜೆ, ಪ್ರಸಾದ ನಿಲಯದ ಪಡಸಾಲೆಯಲ್ಲಿ ಅದನ್ನು ಅಭಿನಯಿಸುತ್ತ ಓದಿದರು. ಓದು ಮುಗಿದ ಮೇಲೆ ಅವರು ಏನನ್ನೂ ಕೇಳಲಿಲ್ಲ. ಪುಸ್ತಕವನ್ನು ಅಲ್ಲಿಯೇ ಹಲಗೆಯ ಮೇಲಿಟ್ಟು ಎದ್ದುಹೋದರು. ಆ ಪುಸ್ತಕಕ್ಕಾಗಿ ನಮ್ಮೊಳಗೆ ಆದ ಎಳೆದಾಟವನ್ನು ನಾನಿಂದಿಗೂ ಮರೆತಿಲ್ಲ. ಎರಡನೆಯ ಬಾರಿ, ಮರುವರ್ಷ, ಮತ್ತೊಂದು ಶಾಲೆಯಲ್ಲಿ ಅದೇ ಕವನ ಪಾಠವಾಗಿ ಬಂದಿತು. ಬಿಟ್ಟ ಸ್ಥಳ ತುಂಬಿರಿ, ಸ್ವಂತ ವಾಕ್ಯದಲ್ಲಿ ಬಳಸಿರಿ, ಈ ಪದ್ಯದ ನೀತಿಯೇನು ಎಂಬ ಪ್ರಶ್ನೆಗಳು ಅದರ ಬೆನ್ನಿಗಿದ್ದವು. ‘ಕೊಟ್ಟ ಮಾತಿಗೆ ತಪ್ಪಬಾರದು’ ಎಂದು ಬರೆದು ಪೂರ್ಣ ಅಂಕ ಪಡೆದೆ. ಆದರೆ ಕುಂಟ ಬಾಲಕನಿಗಾಗಿ ಹಿಂದಿನ ವರ್ಷ ಮಿಡಿದ ಮನಸ್ಸು ಆ ದಿನ ಮಿಡಿಯಲಿಲ್ಲ. ಕವನ ಅದೇ, ಬಾಲಕನೂ ಅವನೇ. ಬದಲಾದುದು ಓದಿನ ರೀತಿ ಮಾತ್ರ.

ಹಾಗಾದರೆ ಮಕ್ಕಳ ಸಾಹಿತ್ಯಕ್ಕೆ ನೀತಿ ಬೇಡವೇ ಎಂದು ಹಿರಿಯರು ಆಕ್ಷೇಪಿಸಬಹುದು. ಆಕ್ಷೇಪ ಉಪೇಕ್ಷಣೀಯವಲ್ಲ. ಬ್ರೌನಿಂಗನೂ ಕವನದ ಕೊನೆಯಲ್ಲಿ ಆ ಬಾಲಕನನ್ನು ಹೆಸರಿಡಿದು ಕರೆದು, ಮಾತು ಉಳಿಸಿಕೊಳ್ಳಬೇಕೆಂಬ ಹಿತವನ್ನು ಹೇಳಿದ್ದುಂಟು. ಆದರೆ ಅದು ಪಕ್ಕದಲ್ಲಿ ಕುಳಿತು ಕಥೆ ಹೇಳಿದವನು ನಗುನಗುತ್ತ ಆಡಿದ ಮಾತು, ಪರೀಕ್ಷಕನ ಪ್ರಶ್ನೆಯಲ್ಲ. ಗೌಡನ ವಚನಭ್ರಷ್ಟತೆಯ ಫಲವನ್ನು ಕಥೆಯೊಳಗೆ ಕಂಡ ಮಗುವಿಗೆ ನೀತಿ ತಾನಾಗಿಯೇ ಒದಗುತ್ತದೆ. ಹಾಲಿನಲ್ಲಿ ಬೆರೆತ ತುಪ್ಪವನ್ನು ಬೇರೆಯಾಗಿ ತೋರಿಸೆಂದು ಹಟಮಾಡಿದರೆ ಮಗುವಿಗೆ ಹಾಲೂ ದಕ್ಕದು. ಪಾಠದ ಹೊತ್ತಿನಲ್ಲಿ ಪ್ರಶ್ನೆಗಳಿರಲಿ. ಓದೆಲ್ಲವೂ ಪಾಠವಾಗುವುದು ಬೇಡ.

ಶಾಲಾ ಇನ್‌ಸ್ಪೆಕ್ಟರರಾಗಿಯೂ ದುಡಿದ ಪಂಜೆ ಮಂಗೇಶರಾಯರು ಈ ಮರ್ಮವನ್ನು ಅರಿತಿದ್ದರು. ‘ತುತ್ತೂರಿ’ಯ ರಾಜರತ್ನಂ, ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಬರೆದ ಸಿದ್ಧಯ್ಯ ಪುರಾಣಿಕರು, ‘ಬಾಲಪ್ರಪಂಚ’ದ ಮೂಲಕ ಲೋಕದ ಬೆರಗನ್ನೇ ಮಕ್ಕಳ ಮುಂದಿಟ್ಟ ಶಿವರಾಮ ಕಾರಂತರು, ಇವರೆಲ್ಲರೂ ಮಗುವಿನ ಕುತೂಹಲವನ್ನು ನಂಬಿ ಬರೆದವರು. ಅವರ ಬಳಿಕ ಬಂದ ಪುಸ್ತಕಗಳಲ್ಲಿ ಅನೇಕವು ಉಪದೇಶದ ಬಾಲವನ್ನು ಅಂಟಿಸಿಕೊಂಡೇ ಹುಟ್ಟಿದವು. ನಮ್ಮ ಬಹುಮಾನ ವಿತರಣಾ ಸಮಾರಂಭಗಳಲ್ಲಿ ಅಂಥವೇ ಹೆಚ್ಚಾಗಿ ಮಕ್ಕಳ ಕೈ ಸೇರುತ್ತವೆ. ಅವನ್ನು ಆರಿಸುವ ನಾವು ಅವನ್ನು ಓದಿ ನೋಡಿರುವೆವೇ ಎಂಬುದು ವಿಚಾರಾರ್ಹ.

ಇನ್ನು ಪುಸ್ತಕ ದೊರೆಯುವ ಮಾತು. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯನ್ನು ಕುರಿತು ಬರೆದ ‘ತೊತ್ತೊಚಾನ್’ 1981ರಲ್ಲಿ ಪ್ರಕಟವಾಗಿ ಮುಂದೆ ಕನ್ನಡಕ್ಕೂ ಬಂದಿತು. ಅಲ್ಲಿಯ ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ಹಳೆಯ ರೈಲುಗಾಡಿಯ ಡಬ್ಬಿಯೊಂದನ್ನು ತರಿಸಿ ಗ್ರಂಥಾಲಯವನ್ನಾಗಿ ಮಾಡುತ್ತಾರೆ. ಯಾವ ತರಗತಿಯವರು ಯಾವ ಪುಸ್ತಕವನ್ನಾದರೂ ಯಾವಾಗ ಬೇಕಾದರೂ ಓದಬಹುದು, ಮನೆಗೂ ಒಯ್ಯಬಹುದು ಎಂಬುದು ಅಲ್ಲಿಯ ನಿಯಮ. ಬೆಂಗಳೂರಿನಲ್ಲಿ ನೆಲಸಿ 1972ರಲ್ಲಿ ತೀರಿಕೊಂಡ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಷ್ಟು ಹಿಂದೆಯೇ ವಿಧಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೂ ಪುಸ್ತಕಗಳಿರುವುದು ಬಳಕೆಗಾಗಿ ಎಂದೇ ಸಾರುತ್ತದೆ. ಆದರೂ ಹರಿದೀತೆಂಬ ಭಯದಿಂದ ಬೀರುವಿನ ಬೀಗದೊಳಗೆ ಹೊಸದಾಗಿಯೇ ಹಳತಾದ ಪುಸ್ತಕಗಳನ್ನು ನಾನು ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ಕಂಡಿದ್ದೇನೆ. ನಮ್ಮ ರಾಜ್ಯದಲ್ಲಿ 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಬಾಗಿಲು ತೆರೆದುದು ಸಂತೋಷವೇ. ಮಗುವಿನ ಕೈಹಿಡಿದು ಆ ಬಾಗಿಲ ತನಕ ನಡೆಯಬೇಕಾದವರು ಮನೆಯವರು.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಇಂದು ಅಜ್ಜ ಅಜ್ಜಿಯರಾಗಿದ್ದೀರಿ, ಶಿಕ್ಷಕರಾಗಿದ್ದೀರಿ, ಶಾಲೆಗಳ ಆಡಳಿತ ನಡೆಸುವವರೂ ಇದ್ದೀರಿ. ತಮ್ಮಲ್ಲಿ ನನ್ನ ಬಿನ್ನಹ ಸಣ್ಣದು. ದಿನಕ್ಕೆ ಅರ್ಧ ಗಂಟೆ ಮೊಮ್ಮಕ್ಕಳಿಗೆ, ಶಿಷ್ಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಓದಿದ ಮೇಲೆ ಪ್ರಶ್ನೆ ಕೇಳಬೇಡಿರಿ. ಅವರು ಕೇಳಿದರೆ ಉತ್ತರಿಸಿರಿ. ಅವರು ಅರ್ಧಕ್ಕೆ ಬಿಟ್ಟ ಪುಸ್ತಕಕ್ಕಾಗಿ ಗದರಿಸಬೇಡಿರಿ. ಒಂದೇ ಕಥೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಓದಿರಿ.

ಮಕ್ಕಳು ಮೊಬೈಲಿನ ಹಿಂದೆ ಹೋದರೆಂದು ನಾವೆಲ್ಲರೂ ಹಲುಬುತ್ತೇವೆ. ಬೊಮ್ಮನಹಳ್ಳಿಯವರೂ ಹಾಗೆಯೇ ಹಲುಬಿದರು. ಅವರ ಮಕ್ಕಳು ಕೆಟ್ಟವರಾಗಿರಲಿಲ್ಲ. ತಮಗೆ ಹಿತವಾದ ನಾದ ಎಲ್ಲಿ ಕೇಳಿತೋ ಅಲ್ಲಿಗೆ ನಡೆದರು. ಮಾತಿಗೆ ತಪ್ಪಿದವರು ಹಿರಿಯರು. ಅಕ್ಷರ ಕಲಿತರೆ ಲೋಕವೇ ನಿನ್ನದಾಗುವುದೆಂದು ನಾವೂ ಮಕ್ಕಳಿಗೆ ಮಾತು ಕೊಟ್ಟಿದ್ದೇವೆ. ಅಕ್ಷರ ಕಲಿತು ಬಂದ ಮಗುವಿನ ಕೈಗೆ ಪ್ರಶ್ನಪತ್ರಿಕೆಯನ್ನಷ್ಟೇ ಇತ್ತರೆ ನಾವು ಆ ಗೌಡನಿಗಿಂತ ಮೇಲೆಂದು ಹೇಳಿಕೊಳ್ಳಲಾರೆವು.