ಆ ಹುಡುಗಿ ಕಡೆಯೋರು ಸಿಕ್ಕಿದ್ರಾ?

2017ರಲ್ಲಿ ರಿಲೀಸ್ ಆದಾಗ ನೋಡೋಕಾಗದ 'ಘಾಜಿ'ಯನ್ನ ಮೊನ್ನೆ ಊರಿಂದ ಬಂದಿದ್ದ ಅಮ್ಮನ ಜೊತೆ ಕೂತು ನೋಡಿದೆ. ಸಂಕಲ್ಪ್ ರೆಡ್ಡಿಯ ಮೊದಲ ಸಿನಿಮಾ ಅಂದ್ರೆ ನಂಬೋದು ಕಷ್ಟ.

1971ರ ಯುದ್ಧದ ಹೊತ್ತು. ನಮ್ಮ ವಿಕ್ರಾಂತ್ ಹಡಗನ್ನು ಹುಡುಕಿ ಬರುವ ಪಾಕಿಸ್ತಾನದ ಸಬ್‌ಮರೀನ್ ಘಾಜಿ. ಅದರ ಬೆನ್ನು ಹತ್ತುವ ನಮ್ಮ ಎಸ್-21. ಸಿಕ್ಕರೆ ಹೊಡೆದೇಬಿಡೋಣ ಅನ್ನೋ ಕ್ಯಾಪ್ಟನ್ ಆಗಿ ಕೇ ಕೇ ಮೆನನ್, ಆರ್ಡರ್ ಬರಲಿ ಅನ್ನೋ ಅರ್ಜುನ್ ಆಗಿ ರಾಣಾ, ನಡುವೆ ನಮ್ಮ ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ. ಈ ಮೂವರ ತಿಕ್ಕಾಟವೇ ಸಿನಿಮಾದ ಉಸಿರು.

ನನ್ನ ತಕರಾರು ಬೇರೆ. ಘಾಜಿ ಮುಳುಗಿಸಿದ ಹಡಗಿನಿಂದ ಸಮುದ್ರಪಾಲಾದ ಇಬ್ಬರನ್ನು, ಅನನ್ಯಾ ಮತ್ತು ಒಂದು ಪುಟ್ಟ ಹುಡುಗಿಯನ್ನು, ಅರ್ಜುನ್ ನಿಯಮ ಮೀರಿ ಎತ್ತಿಕೊಂಡು ಬರ್ತಾನೆ. ಆಮೇಲೆ? ಇಬ್ಬರೂ ಒಂದು ಮೂಲೆ ಸೇರ್ತಾರೆ. ಗಾಬರಿಯಿಂದ ನೋಡೋದು ಬಿಟ್ಟರೆ ತಾಪ್ಸಿಗೆ ಹೆಚ್ಚು ಕೆಲಸವಿಲ್ಲ. "ಆ ಹುಡುಗಿ ಕಡೆಯೋರು ಯಾರಾದ್ರೂ ಸಿಕ್ಕಿದ್ರೇನೋ?" ಅಂದ್ರು ಅಮ್ಮ. ನನ್ನ ಹತ್ರ ಉತ್ತರ ಇರಲಿಲ್ಲ.

ನಮ್ಮೂರಲ್ಲಿ ಬಾವಿಗೆ ಬಿದ್ದವರನ್ನ ಎತ್ತಿದ ಮೇಲೆ ಜನ ಸುತ್ತ ಸೇರೋದು ಅವರನ್ನ. ಕಂಬಳಿ ಹೊದಿಸಿ, ಬಿಸಿ ಕಾಫಿ ಕುಡಿಸಿ, ಏನಾಯ್ತು ಅಂತ ಕೇಳ್ತಾರೆ. ಹಾರಿ ಎತ್ತಿದವನು ಪಕ್ಕದಲ್ಲಿ ಪಂಚೆ ಹಿಂಡ್ಕೊಳ್ತಾ ನಿಂತಿರ್ತಾನೆ. ಇಲ್ಲಿ ಉಲ್ಟಾ. ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದ್ರು. ಆ ಜನರ ಪೈಕಿ ಒಬ್ಬಳು ಕಣ್ಣೆದುರೇ ಕೂತಿದ್ದಾಳೆ, ನಿರ್ದೇಶಕರು ಒಂದು ಮಾತೂ ಕೇಳಲ್ಲ. ಹಾಗಾಗಿ ಅರ್ಜುನ್ ಮಾಡಿದ್ದು ಎಷ್ಟು ದೊಡ್ಡದು ಅಂತ ನಮಗೂ ತಟ್ಟಲ್ಲ. ನೀರಿನಡಿಯ ಡಬ್ಬಿಯಲ್ಲಿ ಇಬ್ಬರು ಹೆಚ್ಚಾದ್ರೆ ಗಾಳಿಯ ಲೆಕ್ಕ ಬದಲಾಗತ್ತೆ. ಆ ಆತಂಕವನ್ನೂ ಕಥೆ ಸರಿಯಾಗಿ ಬಳಸ್ಕೊಂಡಿಲ್ಲ.

ಎಸ್-21ರ ಈ ಸಾಹಸ ಕಲ್ಪನೆ. ನಿಜವಾದ ಘಾಜಿ 1971ರ ಡಿಸೆಂಬರ್ ಮೊದಲ ವಾರ ವಿಶಾಖಪಟ್ಟಣದ ಹೊರಗೆ ಮುಳುಗಿತು. ಐಎನ್‌ಎಸ್ ರಜಪೂತ್ ಹೊಡೆದದ್ದು ಅಂತ ನಮ್ಮವರು, ಆಕಸ್ಮಿಕ ಸ್ಫೋಟ ಅಂತ ಪಾಕಿಸ್ತಾನದವರು. ಒಳಗಿದ್ದ 90ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಥೆ ಕಟ್ಟುವ ಸ್ವಾತಂತ್ರ್ಯ ಹೇಗೂ ತಗೊಂಡ ಮೇಲೆ, ಅನನ್ಯಾಳಿಗೂ ನಾಲ್ಕು ಸೀನ್ ಬರೀಬಹುದಿತ್ತು.

ಆದ್ರೂ ನೋಡಿ. ಹೆಡ್‌ಫೋನ್ ಹಾಕ್ಕೊಂಡೇ ನೋಡಿ, ಸೋನಾರ್‌ನ ಆ ಟಿಂಗ್ ಸದ್ದು ಟಿವಿ ಸ್ಪೀಕರಲ್ಲಿ ದಕ್ಕಲ್ಲ.