ಬಿಡುಗಡೆಯ ಕಥನ, ಒಲವಿನ ಸುನೀತ: ರಸಿಕರಿಗೊಂದು ಕೈಪಿಡಿ

ಫ್ರೆಡರಿಕ್ ಡಗ್ಲಸ್ ತಮ್ಮ ಬದುಕಿನ ಮೊದಲ ಕಥನವನ್ನು 1845ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟಿಸಿದಾಗ, ಕಾನೂನಿನ ಕಣ್ಣಲ್ಲಿ ಅವರಿನ್ನೂ ಮೇರಿಲ್ಯಾಂಡಿನ ಒಡೆಯನೊಬ್ಬನ ಸೊತ್ತು. ಅದೇ ವರ್ಷ ಲಂಡನ್ನಿನ ವಿಂಪೋಲ್ ಬೀದಿಯಲ್ಲಿ, ಕಾಯಿಲೆಯಿಂದ ಕೋಣೆ ಹಿಡಿದಿದ್ದ ಎಲಿಜಬೆತ್ ಬ್ಯಾರೆಟ್ ಅವರಿಗೆ ಕವಿ ರಾಬರ್ಟ್ ಬ್ರೌನಿಂಗ್ ಅವರ ಮೊದಲ ಪತ್ರ ಬಂತು. ಅದರಿಂದ ಬೆಳೆದ ಒಲವಿನ ಕಾಲದಲ್ಲಿ ಆಕೆ ಗುಟ್ಟಾಗಿ 44 ಸುನೀತಗಳನ್ನು ಬರೆದರು. ಒಂದು ಕೃತಿ ಗುಲಾಮಗಿರಿ ವಿರೋಧಿ ಚಳವಳಿಯ ಸಾಕ್ಷ್ಯ, ಇನ್ನೊಂದು ಅಂತರಂಗದ ನಿವೇದನೆ. ಎರಡರಲ್ಲೂ ಮಾತಾಡುವುದು ‘ನಾನು’. ಆ ‘ನಾನು’ ಏನನ್ನು ಬಿಚ್ಚಿ ಹೇಳುತ್ತದೆ, ಏನನ್ನು ಹೇಳದೆ ಉಳಿಸುತ್ತದೆ ಎಂದು ಗಮನಿಸುತ್ತಾ ಹೋದರೆ ಎರಡೂ ಒಳಕ್ಕೆ ಬಿಟ್ಟುಕೊಳ್ಳುತ್ತವೆ.

ಡಗ್ಲಸ್ ಕಥನವನ್ನು ಓದುವವರು ಮುನ್ನುಡಿಯನ್ನು ಹಾರಿಸಬಾರದು. ವಿಲಿಯಂ ಲಾಯ್ಡ್ ಗ್ಯಾರಿಸನ್ ಮತ್ತು ವೆಂಡೆಲ್ ಫಿಲಿಪ್ಸ್ ಎಂಬ ಇಬ್ಬರು ಬಿಳಿಯ ಹೋರಾಟಗಾರರು ಅಲ್ಲಿ ಲೇಖಕನ ಪರವಾಗಿ ಸಾಕ್ಷಿ ನುಡಿಯುತ್ತಾರೆ. ಶೀರ್ಷಿಕೆಯ ಪುಟದಲ್ಲೇ ಇದನ್ನು ಸ್ವತಃ ಬರೆದದ್ದು ಎಂಬ ಘೋಷಣೆಯಿದೆ. ಇಷ್ಟೆಲ್ಲ ಬೇಕಾದದ್ದು, ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದಿರಲಾರ ಎಂದು ಡಗ್ಲಸ್ ಅವರ ಭಾಷಣ ಕೇಳಿದವರೇ ಅನುಮಾನಿಸುತ್ತಿದ್ದುದರಿಂದ. ಡಗ್ಲಸ್ ಕೊಟ್ಟ ಉತ್ತರ ನಿಖರತೆ: ಒಡೆಯರ ಹೆಸರು, ತೋಟದ ಹೆಸರು, ಊರು, ಎಲ್ಲವನ್ನೂ ದಾಖಲಿಸಿದರು. ಇದರಿಂದ, ತಪ್ಪಿಸಿಕೊಂಡು ಬಂದಿದ್ದ ಅವರನ್ನು ಹಿಡಿದೊಯ್ಯುವವರಿಗೂ ಸುಳಿವು ಸಿಕ್ಕಂತಾಯಿತು. ಪುಸ್ತಕ ಬಂದ ಕೆಲವೇ ತಿಂಗಳಲ್ಲಿ ಅವರು ಐರ್ಲೆಂಡ್, ಬ್ರಿಟನ್ ಕಡೆಗೆ ಹಡಗು ಹತ್ತಬೇಕಾಯಿತು. 1846ರಲ್ಲಿ ಅಲ್ಲಿನ ಗೆಳೆಯರು ಹಣ ಕೂಡಿಸಿ ಅವರನ್ನು ಕೊಂಡು ಬಿಡುಗಡೆ ಮಾಡಿಸಿದರು.

ಆತ್ಮಕಥೆಗಳು ಸಾಮಾನ್ಯವಾಗಿ ಹುಟ್ಟಿದ ದಿನದಿಂದ ಹೊರಡುತ್ತವೆ. ಈ ಕಥನ ಹೊರಡುವುದು ಹುಟ್ಟಿದ ದಿನ ತಿಳಿಯದೆಂಬ ಮಾತಿನಿಂದ. ತಾಯಿಯನ್ನು ಕಂಡದ್ದು ಬೆರಳೆಣಿಕೆಯಷ್ಟು ಸಲ, ಅದೂ ರಾತ್ರಿ. ತಂದೆ ಬಿಳಿಯನೆಂಬುದಷ್ಟೇ ಗೊತ್ತು. ಇಲ್ಲದವುಗಳ ಈ ಪಟ್ಟಿಯೇ ಗುಲಾಮಗಿರಿಯ ಮೊದಲ ವಿವರಣೆ. ಅದನ್ನು ಹೇಳುವ ದನಿ ಎಲ್ಲೂ ಗೋಳಾಡುವುದಿಲ್ಲ. ಆ ಸಂಯಮಕ್ಕೆ ಕಿವಿ ಹೊಂದಿಸಿಕೊಳ್ಳಲು ಹೊಸ ಓದುಗರಿಗೆ ತುಸು ಸಮಯ ಬೇಕಾಗುತ್ತದೆ.

ಐದನೆಯ ಅಧ್ಯಾಯದ ಒಂದು ವಾಕ್ಯದ ಬಳಿ ನಿಧಾನಿಸಬೇಕು. ಬಾಲಕ ಫ್ರೆಡರಿಕ್‌ಗೆ ಮೊಣಕಾಲಿನವರೆಗೆ ಬರುವ ಒರಟು ಅಂಗಿಯೊಂದೇ ಉಡುಪು. ಚಳಿಯಲ್ಲಿ ಜೋಳದ ಚೀಲವೊಂದರೊಳಗೆ ತಲೆ ತೂರಿಸಿ, ಪಾದ ಹೊರಗೇ ಬಿಟ್ಟು ಮಲಗುತ್ತಾನೆ. ಹಿಮಕ್ಕೆ ಪಾದಗಳು ಎಷ್ಟು ಬಿರಿದಿದ್ದವೆಂದರೆ, ಈಗ ಬರೆಯುತ್ತಿರುವ ಲೇಖನಿಯನ್ನೇ ಆ ಬಿರುಕಿನಲ್ಲಿ ಇಡಬಹುದಿತ್ತು ಎನ್ನುತ್ತಾರೆ ಡಗ್ಲಸ್. ಅಕ್ಷರ ನಿಷೇಧಿಸಲ್ಪಟ್ಟ ಹುಡುಗನ ಪಾದವನ್ನು ಅಕ್ಷರ ದಕ್ಕಿಸಿಕೊಂಡವನ ಲೇಖನಿ ಅಳೆಯುತ್ತದೆ. ಅನುಭವಿಸಿದ ‘ನಾನು’ ಮತ್ತು ಬರೆಯುವ ‘ನಾನು’ ಒಂದೇ ವಾಕ್ಯದಲ್ಲಿ ಎದುರುಬದುರಾಗುವ ಇಂಥ ಜಾಗಗಳಲ್ಲೇ ಈ ಗದ್ಯದ ಶಕ್ತಿಯೆಲ್ಲ ಇದೆ.

ಆ ಅಕ್ಷರ ದಕ್ಕಿದ ಬಗೆಯೇ ಕಥನದ ಬೆನ್ನುಮೂಳೆ. ಬಾಲ್ಟಿಮೋರಿನಲ್ಲಿ ಒಡತಿ ಸೋಫಿಯಾ ಆಲ್ಡ್ ಕಲಿಸತೊಡಗುತ್ತಾಳೆ. ಓದು ಕಲಿತವನು ಗುಲಾಮನಾಗಿ ಉಳಿಯುವುದಿಲ್ಲವೆಂದು ಗಂಡ ಹ್ಯೂ ತಡೆಯುತ್ತಾನೆ. ಓದಿನ ಬೆಲೆ ಹುಡುಗನಿಗೆ ತಿಳಿದದ್ದೇ ಆ ತಡೆಯಿಂದ. ಮುಂದೆ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಪಾಠ ಹೇಳಿಸಿಕೊಳ್ಳುತ್ತಾನೆ, ಹಡಗು ಕಟ್ಟುವ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಬಡಗಿಗಳು ಗುರುತಿಗೆಂದು ಬರೆದ ಅಕ್ಷರಗಳನ್ನು ನೋಡಿ ತಿದ್ದುತ್ತಾನೆ. ಗುಲಾಮರನ್ನು ಪಳಗಿಸುವುದರಲ್ಲಿ ಹೆಸರಾಗಿದ್ದ ಕೋವಿ ಎಂಬಾತನನ್ನು 1834ರಲ್ಲಿ ಎದುರಿಸಿ ಹೊಡೆದಾಡಿದ ಪ್ರಸಂಗ ಹೆಚ್ಚು ಪ್ರಸಿದ್ಧವಾದರೂ, ಅದಕ್ಕೆ ನೆಲ ಹದ ಮಾಡಿದ್ದು ಈ ಅಕ್ಷರಾಭ್ಯಾಸ.

ಇನ್ನು ಹೇಳದೆ ಬಿಟ್ಟದ್ದು. 1838ರ ಸೆಪ್ಟೆಂಬರ್ 3ರಂದು ತಪ್ಪಿಸಿಕೊಂಡ ಬಗೆಯನ್ನು ಡಗ್ಲಸ್ ಬೇಕೆಂದೇ ವಿವರಿಸುವುದಿಲ್ಲ, ಹಿಂದೆ ಉಳಿದವರ ದಾರಿ ಮುಚ್ಚಿಹೋಗಬಾರದಲ್ಲ! ನಾವಿಕನ ವೇಷ ತೊಟ್ಟು, ಬೇರೊಬ್ಬರ ಕಾಗದಪತ್ರ ಹಿಡಿದು ರೈಲು ಹತ್ತಿದ ವಿವರ ಬಂದದ್ದು 1881ರ ಆತ್ಮಕಥೆಯಲ್ಲಿ. ಒಲವಿನ ಬಗ್ಗೆಯೂ ಮಾತು ಕಡಿಮೆ. ಸ್ವತಂತ್ರ ಮಹಿಳೆಯಾಗಿದ್ದ ಆನಾ ಮುರ್ರೆ ಕಥೆಯ ಕೊನೆಯ ಭಾಗದಲ್ಲಿ ಬರುತ್ತಾರೆ, ಜೊತೆಗೆ ಮದುವೆಯ ಪ್ರಮಾಣಪತ್ರದ ಪಾಠ. ಇದು ಶುಷ್ಕವಾಗಿ ಕಾಣಬಹುದು. ಆದರೆ ಗುಲಾಮರ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇರದಿದ್ದ ಕಾಲದಲ್ಲಿ ಆ ಕಾಗದವೇ ದೊಡ್ಡ ಪ್ರೇಮಘೋಷಣೆ.

ಎಲಿಜಬೆತ್ ಅವರ ಸುನೀತಗಳು ಅವಿತುಕೊಳ್ಳುವುದು ಬೇರೆ ರೀತಿಯಲ್ಲಿ. ಮಕ್ಕಳು ಮದುವೆಯಾಗುವುದನ್ನೇ ಸಹಿಸದ ತಂದೆಗೆ ತಿಳಿಯದಂತೆ ಅವರು 1846ರ ಸೆಪ್ಟೆಂಬರಿನಲ್ಲಿ ರಾಬರ್ಟ್ ಅವರನ್ನು ಮದುವೆಯಾಗಿ ಇಟಲಿಗೆ ಹೊರಟರು. ಕವಿತೆಗಳನ್ನು ಗಂಡನಿಗೆ ತೋರಿಸಿದ್ದು ಮದುವೆಯಾದ ಬಹಳ ದಿನಗಳ ಮೇಲೆ. 1850ರಲ್ಲಿ ಅಚ್ಚಾದಾಗ ಪೋರ್ಚುಗೀಸಿನ ಅನುವಾದಗಳೆಂಬಂತೆ ಹೆಸರಿಟ್ಟು ಮುಸುಕು ಹಾಕಿದರು.

ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದ 43ನೆಯದನ್ನು ಗಟ್ಟಿಯಾಗಿ ಓದಬೇಕು. ಹದಿನಾಲ್ಕು ಸಾಲು: ಮೊದಲ ಎಂಟು ಒಂದು ಘಟ್ಟ, ಮುಂದಿನ ಆರು ಇನ್ನೊಂದು. ಪ್ರೀತಿಸುವ ಬಗೆಗಳನ್ನು ಎಣಿಸುವ ಸಂಕಲ್ಪದಿಂದ ಕವಿತೆ ತೊಡಗುತ್ತದೆ. ನಲ್ಲನ ಹೆಸರಿಲ್ಲ, ಮುಖವಿಲ್ಲ, ಕಣ್ಣು ಕೆನ್ನೆಗಳ ವರ್ಣನೆಯಿಲ್ಲ. ಇರುವುದು ಪ್ರೀತಿಸುವ ಜೀವದ ಅಳತೆ ಮಾತ್ರ. ಆತ್ಮ ಮುಟ್ಟಬಲ್ಲ ಆಳ, ಅಗಲ, ಎತ್ತರಗಳ ಬೆನ್ನಿಗೇ ಹಗಲಿಗೂ ದೀಪದ ಬೆಳಕಿಗೂ ಬೇಕಾಗುವ ದಿನನಿತ್ಯದ ಸಣ್ಣ ಅಗತ್ಯ ಬರುತ್ತದೆ. ಬಾನಿನಿಂದ ಮನೆಯಂಗಳಕ್ಕೆ ಇಳಿಯುವ ಈ ಇಳಿತ ತಪ್ಪಿದರೆ ಕವಿತೆ ಬರಿಯ ಉತ್ಪ್ರೇಕ್ಷೆಯಾಗಿ ಕೇಳಿಸುತ್ತದೆ. ಕೊನೆಯ ಆರು ಸಾಲಿಗೆ ಹಳೆಯ ದುಃಖ, ಬಾಲ್ಯದ ನಂಬಿಕೆ ಕಾಲಿಡುತ್ತವೆ. 1840 ಒಂದೇ ವರ್ಷದಲ್ಲಿ ಇಬ್ಬರು ತಮ್ಮಂದಿರನ್ನು ಕಳೆದುಕೊಂಡವರ ಮಾತಿದು ಎಂದು ತಿಳಿದಿದ್ದರೆ ಆ ಸಾಲುಗಳ ಧ್ವನಿ ಬೇರೆಯೇ ಆಗುತ್ತದೆ.

ಎರಡು ಘಟ್ಟಗಳು ಸೇರುವ ಮುಂಚೆ, ನ್ಯಾಯಕ್ಕಾಗಿ ಹೋರಾಡುವವರ ಸ್ವತಂತ್ರ ಇಚ್ಛೆಗೆ ಪ್ರೀತಿಯನ್ನು ಹೋಲಿಸುವ ಒಂದು ಸಾಲಿದೆ. ಪ್ರೇಮಗೀತೆಯಲ್ಲಿ ಈ ಉಪಮೆ ಯಾಕೆ ಬಂತು ಎಂದು ಕೇಳಲೇಬೇಕು. ಬ್ಯಾರೆಟ್ ಮನೆತನದ ಸಿರಿ ಬಂದದ್ದು ಜಮೈಕಾದ ಕಬ್ಬಿನ ತೋಟಗಳಿಂದ, ಅಲ್ಲಿನ ಗುಲಾಮರ ದುಡಿಮೆಯಿಂದ. ಆ ಹಣದ ಪಾಪಪ್ರಜ್ಞೆ ಎಲಿಜಬೆತ್ ಅವರನ್ನು ಬಿಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲೇ ಅವರು ಓಡಿಬಂದ ಗುಲಾಮ ಹೆಣ್ಣೊಬ್ಬಳ ಸ್ವಗತವನ್ನು ಬರೆದು, ಬಾಸ್ಟನ್ನಿನ ಗುಲಾಮಗಿರಿ ವಿರೋಧಿಗಳ ವಾರ್ಷಿಕ ಸಂಚಿಕೆ ‘ಲಿಬರ್ಟಿ ಬೆಲ್’ನ 1848ರ ಸಂಪುಟಕ್ಕೆ ಕೊಟ್ಟರು. ಅದರಲ್ಲಿ ನಲ್ಲನನ್ನು ಕಳೆದುಕೊಂಡವಳು, ಒಡೆಯರ ಅತ್ಯಾಚಾರದಿಂದ ಹುಟ್ಟಿದ ಮಗುವನ್ನು ಕೈಯಾರೆ ಕೊಂದು ಮಾತಾಡುತ್ತಾಳೆ. ಡಗ್ಲಸ್ ಕಥನ ಮತ್ತು 43ನೆಯ ಸುನೀತದ ಬಳಿಕ ಓದಬೇಕಾದದ್ದು ಈ ಕವಿತೆ. ಆದರೆ ಅಲ್ಲಿನ ‘ನಾನು’ ಕವಿಯ ಕಲ್ಪನೆ. ಗುಲಾಮಳಾಗಿ ಬದುಕಿದ ಹೆಣ್ಣಿನ ಸ್ವಂತ ದನಿ ಬೇಕೆನ್ನುವವರು ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಹೆಸರಿನ ಮರೆಯಲ್ಲಿ ಬರೆದ ಆತ್ಮಕಥನಕ್ಕೆ ಹೋಗಬೇಕು.