ಕಾಗೆಯ ಕಥೆಗೆ ಎಷ್ಟು ಅಂಕ?

ಬಾಯಾರಿದ ಕಾಗೆ ಹೂಜಿಗೆ ಕಲ್ಲು ಹಾಕಿ ನೀರು ಕುಡಿದ ಕಥೆ ನಿಮಗೆ ಗೊತ್ತು. ಆರನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಅದನ್ನು 'ಸ್ಕ್ರ್ಯಾಚ್' ಬಳಸಿ ಗಣಕದಲ್ಲಿ ಮೂಡಿಸಿದ್ದಾರೆ ಎಂದಿಟ್ಟುಕೊಳ್ಳಿ. ಹುಡುಗಿಯೊಬ್ಬಳು ಏರುವ ನೀರಿನ ಎಂಟು ಚಿತ್ರಗಳನ್ನು ಬರೆದು ಒಂದಾದ ಮೇಲೊಂದು ತೋರಿಸಿದ್ದಾಳೆ. ಹುಡುಗನೊಬ್ಬ 'ನೀರಿನ ಮಟ್ಟ' ಎಂಬ ಒಂದು ಚರವನ್ನು ಇಟ್ಟುಕೊಂಡು, ಪ್ರತಿ ಕಲ್ಲಿಗೂ ಅದು ಸ್ವಲ್ಪ ಏರಲಿ, ಕೊಕ್ಕಿಗೆ ಎಟಕುವವರೆಗೆ ಇದೇ ಕ್ರಿಯೆ ಮರುಕಳಿಸಲಿ ಎಂದು ಜೋಡಿಸಿದ್ದಾನೆ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಹುಡುಗಿಯ ಚಿತ್ರಗಳೇ ಹೆಚ್ಚು ಚೆಲುವಾಗಿರಬಹುದು. ಅಂಕ ಯಾರಿಗೆ ಹೆಚ್ಚು?

ಸ್ಕ್ರ್ಯಾಚ್ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿದ ಉಚಿತ ತಂತ್ರಾಂಶ. ಆದೇಶಗಳನ್ನು ಟೈಪ್ ಮಾಡಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತಕ್ಕೆ ಕೋಡಿಂಗ್ ಚಟುವಟಿಕೆಗಳನ್ನು ಸೂಚಿಸಿದೆ. ಅಂದಮೇಲೆ ಮೌಲ್ಯಮಾಪನದ ಪ್ರಶ್ನೆಯೂ ಬಂತು.

ಸಾಮಾನ್ಯವಾಗಿ ಕಾಣುವ ಅಂಕಪಟ್ಟಿ ಹೀಗಿರುತ್ತದೆ: ಎರಡು ಪಾತ್ರ, ಎರಡು ಹಿನ್ನೆಲೆ, ಕನಿಷ್ಠ ಹತ್ತು ತುಂಡು, ಒಂದು ಧ್ವನಿ. ಇದು ಎಣಿಕೆಯೇ ಹೊರತು ಮೌಲ್ಯಮಾಪನವಲ್ಲ. ಮಕ್ಕಳು ಚುರುಕು, ಕಥೆಗೆ ಬೇಡದ ಬೆಕ್ಕೊಂದನ್ನು ತಂದು ಮೂಲೆಯಲ್ಲಿ ನಿಲ್ಲಿಸಿ 'ಎರಡು ಪಾತ್ರ'ದ ಲೆಕ್ಕ ತುಂಬಿಸುತ್ತಾರೆ!

ಯಂತ್ರದ ಮೌಲ್ಯಮಾಪಕವೂ ಇದೆ. ಸ್ಪೇನಿನ ಸಂಶೋಧಕರು ರೂಪಿಸಿದ 'ಡಾಕ್ಟರ್ ಸ್ಕ್ರ್ಯಾಚ್' ಒಂದು ರಚನೆಯನ್ನು ಏಳು ಅಂಶಗಳಲ್ಲಿ, ಪ್ರತಿಯೊಂದಕ್ಕೂ 3ರಂತೆ, ಒಟ್ಟು 21 ಅಂಕಗಳಿಗೆ ಅಳೆಯುತ್ತದೆ. ಷರತ್ತು ತುಂಬುವವರೆಗಿನ ಮರುಕಳಿಕೆಗೆ ಅದು ಹೆಚ್ಚು ಅಂಕ ಕೊಡುವುದರಿಂದ ನಮ್ಮ ಹುಡುಗನ ಕಾಗೆಯನ್ನು ಸರಿಯಾಗಿಯೇ ಗುರುತಿಸುತ್ತದೆ. ಆದರೆ ಕೋತಿ ಮತ್ತು ಮೊಸಳೆಯ ಕಥೆ ಕೊಟ್ಟು ನೋಡಿ. ಅದರಲ್ಲಿ ದತ್ತಾಂಶದ ಪಟ್ಟಿ ಬೇಡ, ಪಾತ್ರದ ನಕಲುಗಳೂ ಬೇಡ. ಅವಿಲ್ಲದೆ ಪೂರ್ಣಾಂಕ ಸಿಗದು. ಕಥೆ ಕೇಳದೇ ಇರುವುದನ್ನು ಅಳತೆಗೋಲು ಕೇಳುತ್ತಿದೆ.

ಕೋತಿ-ಮೊಸಳೆ ನಿಜವಾಗಿ ಕೇಳುವುದು ಮಾತಿನ ಸರದಿ. ಕೋತಿ 2 ಸೆಕೆಂಡು ಮಾತನಾಡಲಿ, ಮೊಸಳೆ 2 ಸೆಕೆಂಡು ಕಾದು ಉತ್ತರಿಸಲಿ ಎಂದು ಹೆಚ್ಚಿನ ಮಕ್ಕಳು ಜೋಡಿಸುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಕೋತಿಯ ಮೊದಲ ಮಾತನ್ನು 3 ಸೆಕೆಂಡಿಗೆ ಬೆಳೆಸಿ; ಅಲ್ಲಿಂದ ಮುಂದೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತನಾಡತೊಡಗುತ್ತಾರೆ. ಬದಲಿಗೆ ಕೋತಿ ಮಾತು ಮುಗಿಸಿ ಒಂದು ಸಂದೇಶ ಬಿತ್ತರಿಸಿ, ಅದು ಬಂದಾಗ ಮಾತ್ರ ಮೊಸಳೆ ಬಾಯಿ ತೆರೆದರೆ, ಎಷ್ಟು ಮಾತು ಸೇರಿಸಿದರೂ ಸರದಿ ತಪ್ಪದು. ಈ ಒಂದು ವ್ಯತ್ಯಾಸದಲ್ಲಿ ಮಗು ಕಲಿತದ್ದೆಷ್ಟು ಎಂಬುದು ಹತ್ತು ತುಂಡುಗಳ ಎಣಿಕೆಗಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಇನ್ನೊಂದು ಸುಲಭ ಪರೀಕ್ಷೆ: ಹಸಿರು ಬಾವುಟವನ್ನು ಎರಡನೆಯ ಸಲ ಒತ್ತಿ. ಕಾಗೆ ಮತ್ತೆ ಮರದಿಂದಲೇ ಹಾರಿ ಬರುತ್ತದೆಯೇ, ಅಥವಾ ಆಗಲೇ ತುಂಬಿದ ಹೂಜಿಯ ಮೇಲೆ ಕುಳಿತಿದೆಯೇ? ಆರಂಭದ ಸ್ಥಿತಿಯನ್ನು ಹೇಳಬೇಕೆಂಬುದು ಮಗುವಿಗೆ ಹೊಳೆದಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ಇಷ್ಟಾದರೂ ರಚನೆಯೊಂದೇ ಸಾಕ್ಷಿಯಲ್ಲ. ಸ್ಕ್ರ್ಯಾಚ್‌ನಲ್ಲಿ ಬೇರೆಯವರ ರಚನೆಯನ್ನು ತೆಗೆದುಕೊಂಡು ಬದಲಿಸುವುದಕ್ಕೆ ಉತ್ತೇಜನವಿದೆ; ಅದು ಕಳ್ಳತನವಲ್ಲ. ಹಾಗಾಗಿ ತುಂಡು ಅಲ್ಲಿದೆ ಎಂದ ಮಾತ್ರಕ್ಕೆ ಅದು ಮಗುವಿಗೆ ಅರ್ಥವಾಗಿದೆ ಎನ್ನಲಾಗದು. ಕರೆನ್ ಬ್ರೆನನ್ ಮತ್ತು ರೆಸ್ನಿಕ್ 2012ರಲ್ಲೇ ರಚನೆಯ ವಿಶ್ಲೇಷಣೆಯ ಜೊತೆಗೆ ಮಗುವಿನೊಡನೆ ಸಂಭಾಷಣೆ ಮತ್ತು ಸಿದ್ಧ ರಚನೆಯನ್ನು ವಿವರಿಸಿ, ತಿದ್ದಿ, ವಿಸ್ತರಿಸುವ ಕೆಲಸ ಇವನ್ನೂ ಚರ್ಚಿಸಿದ್ದರು. ನನ್ನ ಮಟ್ಟಿಗೆ ಮೂರನೆಯದೇ ಹೆಚ್ಚು ಉಪಯುಕ್ತ. 'ಕಲ್ಲುಗಳು ಐದೇ ಇದ್ದರೆ?' ಎಂದು ಕೇಳಿ, ಕೀಲಿಮಣೆ ಮುಂದಿಡಿ. ಎಂಟು ಚಿತ್ರ ಬರೆದ ಹುಡುಗಿ ಇಲ್ಲಿ ತೊಡಕನ್ನು ಕಂಡು, ಚರದ ಅಗತ್ಯವನ್ನು ತಾನೇ ಕೇಳಿ ಪಡೆಯಬಹುದು. ಹುಡುಗನ ತುಂಡುಗಳು ಅಣ್ಣನವು ಎಂಬುದೂ ಹೊರಬೀಳಬಹುದು.

ನಲವತ್ತು ಮಕ್ಕಳಿಗೆ ಐದೈದು ನಿಮಿಷವೆಂದರೆ 200 ನಿಮಿಷ. ಒಂದೇ ದಿನ ಆಗದ ಮಾತು ನಿಜ. ವಾರಕ್ಕೆ ಎಂಟು ಮಕ್ಕಳಂತೆ, ಉಳಿದವರು ಕಥೆ ಕಟ್ಟುತ್ತಿರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿದರೆ ಐದು ವಾರ ಸಾಕು.